ಟಿಕೆಟ್ ಕೌಂಟರಲ್ಲಿ ದೊಡ್ಡೋನು, ರೋಲರ್ ಕೋಸ್ಟರ್ ಗೇಟಲ್ಲಿ ಚಿಕ್ಕೋನು: ಮಕ್ಕಳನ್ನ ಪಾರ್ಕಿಗೆ ಕರ್ಕೊಂಡ್ ಹೋಗೋರು ಓದಿ

ಪಾರ್ಕ್ ಹೆಸರು ಹಾಕಲ್ಲ, ಯಾವ ಕಡೆ ಅಂತಾನೂ ಹೇಳಲ್ಲ, ಆದ್ರೆ ನಡೆದಿದ್ದನ್ನ ಪೂರ್ತಿ ಬರೀತೀನಿ. ನಾಲ್ಕು ದಿನ ಆಯ್ತು, ಇನ್ನೂ ಹೊಟ್ಟೆ ಉರೀತಿದೆ.

ಹೋದ ಭಾನುವಾರ ಬೆಳಗ್ಗೆ ಐದಕ್ಕೆ ಹಾಸನದಿಂದ ಟಿಟಿ ಮಾಡ್ಕೊಂಡು ಹೊರಟ್ವಿ. ನಾನು, ಹೆಂಡ್ತಿ, ಮಗಳು, ಅಮ್ಮ, ಅಕ್ಕ ಭಾವ, ಅವರ ಮಗ. ಹೊರಟಿದ್ದೇ ಆ ಹುಡುಗನಿಗೋಸ್ಕರ. ಆರನೇ ಕ್ಲಾಸು, ಹನ್ನೊಂದು ವರ್ಷ, ರೋಲರ್ ಕೋಸ್ಟರ್ ಅಂದ್ರೆ ಪ್ರಾಣ. ಅದಕ್ಕೆ ಇಂಜಿನ್ನೇ ಇರಲ್ಲ ಮಾಮ, ಚೈನು ಮೇಲಕ್ಕೆ ಎಳ್ಕೊಂಡ್ ಹೋಗಿ ಬಿಡುತ್ತೆ ಅಷ್ಟೇ, ಆಮೇಲೆ ತನ್ನ ಭಾರಕ್ಕೇ ಓಡುತ್ತೆ, ಹತ್ತುವಾಗ ಟಕ ಟಕ ಅನ್ನೋದು ಹಿಂದಕ್ಕೆ ಜಾರದ ಹಾಗೆ ಕೊಂಡಿ ಹಿಡ್ಕೊಳೋ ಸದ್ದು, ಲೂಪು ಸರಿಯಾಗಿ ಗುಂಡಗೆ ಇರಲ್ಲ ನೀರಿನ ಹನಿ ಥರ ಇರುತ್ತೆ ಅಂತ ದಾರಿಯುದ್ದಕ್ಕೂ ಹೇಳ್ತಾನೇ ಇದ್ದ. ಆರು ತಿಂಗಳಿಂದ ಇದೇ ಮಾತು. ಅಕ್ಕ ಅಂತೂ ಪರೀಕ್ಷೇಲಿ ಒಳ್ಳೆ ಮಾರ್ಕ್ಸ್ ತಗೊಂಡ್ರೆ ಕರ್ಕೊಂಡ್ ಹೋಗ್ತೀನಿ ಅಂತ ಮಾತು ಕೊಟ್ಟಿದ್ಳು, ತಗೊಂಡ.

ಗೇಟಲ್ಲಿ ಅಮ್ಮ ಮೂರು ಗಂಟೆಗೆ ಎದ್ದು ಕಲಸಿದ್ದ ಚಿತ್ರಾನ್ನದ ಡಬ್ಬಿ ತೆಗೆಸಿದ್ರು. ಹೊರಗಿನ ಊಟ ಬಿಡಲ್ಲ, ಅದು ಎಲ್ಲಾ ಕಡೆ ಇರೋದೇ, ಟಿಟಿಲಿ ಇಟ್ಟು ಬಂದ್ವಿ.

ಟಿಕೆಟ್ ವಿಷ್ಯ ನಿಮಗೆಲ್ಲ ಗೊತ್ತಿರುತ್ತೆ, ವಯಸ್ಸು ನೋಡಲ್ಲ, ಎತ್ತರ ನೋಡ್ತಾರೆ. ಇಲ್ಲಿ 140 ಸೆಂಟಿಮೀಟರ್ ದಾಟಿದ್ರೆ ದೊಡ್ಡೋರ ಟಿಕೆಟ್. ಕೌಂಟರ್ ಪಕ್ಕ ಕಂಬಕ್ಕೆ ಗೆರೆ ಹಾಕಿದಾರೆ. ಹುಡುಗನ್ನ ನಿಲ್ಲಿಸಿದ್ರು, ಶೂ ಹಾಕ್ಕೊಂಡೇ ನಿಂತ. ಒಳಗಿದ್ದವರು ಗಾಜಿಂದಾನೇ ನೋಡಿ "ಅಡಲ್ಟ್" ಅಂದ್ರು. ನಾನು ಒಂದು ಮಾತು ಎದುರಾಡ್ಲಿಲ್ಲ. ಮಕ್ಕಳ ಟಿಕೆಟ್ 920, ದೊಡ್ಡೋರದ್ದು 1,150, ಕೊಟ್ಟೆ. ಅಷ್ಟೇ ಅಲ್ಲ, ಅವನ ಬೆನ್ನು ತಟ್ಟಿ "ನೋಡೋ, ದೊಡ್ಡೋನಾಗ್ಬಿಟ್ಟೆ" ಅಂದೆ. ಅವನ ಮುಖ ಎಷ್ಟು ಅರಳ್ತು ಅಂದ್ರೆ... ಈಗ ನೆನೆಸ್ಕೊಂಡ್ರೆ ನನಗೇ ಸಂಕಟ ಆಗುತ್ತೆ.

ಒಳಗೆ ಹೋದ್ಮೇಲೆ ಗೊತ್ತಾಗಿದ್ದು, ಮೂರು ರೈಡ್ ಬಂದ್. ಮೇಂಟೆನೆನ್ಸ್ ಅಂತ ಹಗ್ಗ ಕಟ್ಟಿದ್ರು. ಕೌಂಟರಲ್ಲಿ ದುಡ್ಡು ಇಸ್ಕೊಳೋವಾಗ ಯಾರೂ ಬಾಯಿ ಬಿಡ್ಲಿಲ್ಲ. ಹೋಗ್ಲಿ, ರೋಲರ್ ಕೋಸ್ಟರ್ ಓಡ್ತಿತ್ತಲ್ಲ ಅಂತ ಸುಮ್ನಾದ್ವಿ. ಕ್ಯೂ ಹತ್ರ ಹತ್ರ ಒಂದೂಕಾಲು ಗಂಟೆ. ಬಿಸಿಲು, ಹುಡುಗ ನೀರಿಗೂ ಆಚೆ ಹೋಗ್ಲಿಲ್ಲ, ಜಾಗ ಹೋಗುತ್ತೆ ಅಂತ. ಇನ್ನೇನು ಮುಂದಿನ ಟ್ರಿಪ್ ನಮ್ದೇ ಅನ್ನೋವಾಗ ಗೇಟಲ್ಲಿದ್ದ ಹುಡುಗ ಕೋಲು ಹಿಡ್ಕೊಂಡು "ಶೂ ಬಿಚ್ಚು" ಅಂದ.

ಬಿಚ್ಚಿದ. ಗೆರೆಗಿಂತ ಒಂಚೂರು ಕೆಳಗೆ. "ಹೈಟ್ ಇಲ್ಲ, ಆಚೆ ನಿಂತ್ಕೊ."

ಆಗಬೇಕಿದ್ದ ಎತ್ತರ ಎಷ್ಟು? ಅದೇ 140. ಅದೇ ಪಾರ್ಕು, ಅದೇ ಹುಡುಗ, ಅದೇ 140, ಎರಡು ಗಂಟೆ ಅಂತರ. ದುಡ್ಡು ತಗೊಳೋವಾಗ ಶೂ ಸಮೇತ ದೊಡ್ಡೋನು, ಕೂರ್ಸೋವಾಗ ಶೂ ಬಿಚ್ಚಿಸಿ ಚಿಕ್ಕೋನು.

ಅವನು ಅಳ್ಲಿಲ್ಲ. ಕೈಗೆ ಕಟ್ಟಿದ್ದ ಬ್ಯಾಂಡ್ ತೋರ್ಸಿ "ಮಾಮ, ಇದು ದೊಡ್ಡೋರ ಬ್ಯಾಂಡ್ ತಾನೆ?" ಅಂದ. ಹಿಂದೆ ಇಡೀ ಕ್ಯೂ ನಮ್ಮನ್ನೇ ನೋಡ್ತಿತ್ತು, ಯಾರೋ "ಬೇಗ ಜಾಗ ಬಿಡ್ರೀ" ಅಂತ ಕೂಗಿದ್ರು. ಕಬ್ಬಿಣದ ಕಟಕಟೆ ದಾಟ್ಕೊಂಡು ಆಚೆ ಬಂದ್ವಿ. ನಾವು ಕೂರಬೇಕಿದ್ದ ಗಾಡಿ ಟಕ ಟಕ ಅಂತ ಮೇಲೆ ಹತ್ತೋದು ಕೇಳಿಸ್ತಿತ್ತು.

ಒಂದ್ ಮಾತು ಸ್ಪಷ್ಟ ಮಾಡ್ತೀನಿ. ಎತ್ತರ ಕಮ್ಮಿ ಇದ್ದ ಹುಡುಗನ್ನ ಹತ್ತಿಸ್ಲಿಲ್ಲ ಅಂತ ನನಗೆ ಸಿಟ್ಟಿಲ್ಲ. ಅದು ಸರಿ, ನೂರಕ್ಕೆ ನೂರು ಸರಿ. ಏರು ದಾಟಿ ಇಳಿಯೋವಾಗ ಮೈ ಸೀಟಿಂದ ಮೇಲಕ್ಕೆ ಏಳುತ್ತೆ, ಆಗ ಹಿಡ್ಕೊಳೋದು ತೊಡೆ ಮೇಲೋ ಭುಜದ ಮೇಲೋ ಬೀಳೋ ಆ ಬಾರ್ ಮಾತ್ರ, ಅಳತೆಗಿಂತ ಚಿಕ್ಕ ಮೈಗೆ ಅದು ಸರಿಯಾಗಿ ಕೂರಲ್ಲ, ಜಾರಿಬಿಡಬಹುದು. ಶೂ ಅಡಿ ಎಷ್ಟೇ ದಪ್ಪ ಇದ್ರೂ ಅಲ್ಲಿ ಉಪಯೋಗಕ್ಕೆ ಬರಲ್ಲ. ಹಂಗಾಗಿ ಬರಿಗಾಲಲ್ಲಿ ಅಳೆಯೋದೇ ಸರಿ. ಅದೇ ಬರಿಗಾಲಲ್ಲಿ ಕೌಂಟರಲ್ಲೂ ಅಳೀರಿ ಅಂತ ನಾನು ಕೇಳ್ತಿರೋದು.

ಆಫೀಸ್ ಹುಡುಕ್ಕೊಂಡು ಹೋದೆ. ಕೂತಿದ್ದವರ ಉತ್ತರ ಕೇಳಿ. "ಸಾರ್, ಟಿಕೆಟಿಂಗ್ ಬೇರೆ, ರೈಡ್ಸ್ ಬೇರೆ." ಎರಡೂ ನಿಮ್ದೇ ಅಲ್ವಾ ಅಂದೆ. "ಶೂ ಹಾಕ್ಕೊಂಡು ನಿಂತಿದ್ದು ನಿಮ್ಮ ಹುಡುಗ, ನಾವೇನ್ ಹಾಕ್ಸಿದ್ವಾ?" ಹಂಗಾದ್ರೆ 230 ರೂಪಾಯಿ ವ್ಯತ್ಯಾಸ ವಾಪಸ್ ಕೊಡಿ ಅಂದೆ. "ಬ್ಯಾಂಡ್ ಕಟ್ಟಿದ್ಮೇಲೆ ಸಿಸ್ಟಮ್ಮಲ್ಲಿ ಆಗಲ್ಲ, ಟಿಕೆಟ್ ಹಿಂದೆ ಬರ್ದಿದೆ ಓದ್ಕೊಳಿ." ಕೊನೆಗೆ ಮ್ಯಾನೇಜರ್ ಬಂದ್ರು. "ಸೇಫ್ಟಿ ಸಾರ್, ಮಗುಗೆ ಏನಾದ್ರೂ ಆದ್ರೆ ನೀವೇ ಬಂದು ಜಗಳ ಆಡ್ತೀರ." ನಾನು ಕೇಳಿದ್ದೇನು, ಅವರು ಹೇಳಿದ್ದೇನು! ಮಗು ಅಂತ ಅವರ ಬಾಯಲ್ಲೇ ಬಂತು ನೋಡಿ, ಮಗು ಆದ್ರೆ ಮಕ್ಕಳ ಟಿಕೆಟ್ ತಾನೆ? ಅದಕ್ಕೆ ಉತ್ತರ ಇಲ್ಲ. ಹುಡುಗನ ಕೆನ್ನೆ ಮುಟ್ಟಿ "ಒಂದು ಐಸ್‌ಕ್ರೀಮ್ ಕೂಪನ್ ಕೊಡ್ತೀನಿ ಪುಟ್ಟ" ಅಂದ್ರು. ಅವನು ಬೇಡ ಅಂದ. ನನಗೆ ಅಲ್ಲೇ ಗಂಟಲು ಕಟ್ಟಿತು. ಭಾವ ಬಂದು "ಬಿಡೋ, ದಿನ ಹಾಳ್ ಮಾಡ್ಕೊಳೋದು ಬೇಡ" ಅಂತ ಕೈ ಹಿಡ್ಕೊಂಡು ಎಳ್ಕೊಂಡ್ ಹೋದ್ರು. ದಿನ ಆಗ್ಲೇ ಹಾಳಾಗಿತ್ತು.

230 ರೂಪಾಯಿಗೆ ಇಷ್ಟು ಬರೀತಾನಾ ಅನ್ಬೇಡಿ. ನಮ್ಮೂರ ಜಾತ್ರೆಗೆ ಬರೋ ಜೈಂಟ್ ವೀಲ್‌ನೋನು ಚಿಕ್ಕ ಮಕ್ಕಳನ್ನ ನೋಡಿದ ತಕ್ಷಣ ದುಡ್ಡು ಇಸ್ಕೊಳೋಕ್ ಮುಂಚೆನೇ "ಇವನನ್ನ ಕೂರ್ಸಲ್ಲ" ಅಂತಾನೆ. ಇವರಿಗೆ ಕಂಬ ಇದೆ, ಗೆರೆ ಇದೆ, ಕಂಪ್ಯೂಟರ್ ಇದೆ, ಅಷ್ಟು ಹೇಳೋಕಾಗಲ್ಲ.

ಹೋಗೋರು ದಯವಿಟ್ಟು ಮನೇಲೇ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳ್ಕೊಂಡ್ ಹೋಗಿ. ಕೌಂಟರಲ್ಲಿ ನೀವೇ ಮುಂದೆ ಬಿದ್ದು ಶೂ ಬಿಚ್ಚಿಸಿ, ಗೆರೆ ಪಕ್ಕ ನಿಲ್ಲಿಸಿ ಫೋಟೋ ತೆಗೀರಿ, ನನ್ನ ಥರ ಹಲ್ಲು ಕಿರ್ಕೊಂಡು ದುಡ್ಡು ಕೊಡ್ಬೇಡಿ. ಇವತ್ತು ಯಾವ ರೈಡ್ ಬಂದ್ ಅಂತ ದುಡ್ಡು ಕೊಡೋ ಮುಂಚೆ ಕೇಳಿ. ಬ್ಯಾಂಡ್ ಕಟ್ಟಿಸ್ಕೊಂಡ್ ಮೇಲೆ ನಿಮ್ಮ ಮಾತು ಯಾರೂ ಕೇಳಲ್ಲ.

ಸೋಮವಾರ ಬೆಳಗ್ಗೆ ಟೇಪ್ ಹಿಡ್ದು ಅಳೆದೆ. ಬರಿಗಾಲಲ್ಲಿ 138.5. ಶೂ ಹಾಕಿದ್ರೆ 141. ಎರಡೂ ಫೋಟೋ, ಟಿಕೆಟ್ಟು, ಬ್ಯಾಂಡು ಎಲ್ಲಾ ಸೇರಿಸಿ ಅವರಿಗೆ ಮೇಲ್ ಹಾಕಿದೀನಿ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಬರೆಸಿದೀನಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕನೂ ಇಲ್ಲ. ಅಕ್ಕ ಬೇಡ ಅಂತಿದಾಳೆ, ನಾನು ಬಿಡಲ್ಲ. ಹುಡುಗ ಆ ಬ್ಯಾಂಡನ್ನ ಕಿತ್ತು ಬಿಸಾಕಿದ್ದ, ಕಸದ ಬುಟ್ಟಿಯಿಂದ ನಾನೇ ಎತ್ತಿಟ್ಕೊಂಡಿದೀನಿ.