ಒಂದೇ ಪಡಸಾಲೆ, ಎರಡು ಟಿವಿ

ಪಕ್ಕದ ಮನೆಯ ಕಾಕಾ ಮೊನ್ನೆ ಬಂದು, "ಹಳೇ ಪ್ಲಾಸ್ಮಾ ಟಿವಿ ಒಂದು ಅಗ್ಗಕ್ಕ ಬಂದೈತಿ, ತೊಗೊಳ್ಳಲೇನು?" ಅಂತ ಕೇಳಿದರು. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಆ ಟಿವಿ ಮೇಲೆ ನನಗೆ ಇನ್ನೂ ಸ್ವಲ್ಪ ಪ್ರೀತಿ ಉಳಿದಿದೆ.

2011ರಲ್ಲಿ ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಎರಡೂ ಇದ್ದವು. 42 ಇಂಚಿನ ಪ್ಲಾಸ್ಮಾ ನಾನು ಕೊಂಡಿದ್ದು, 32 ಇಂಚಿನ ಎಲ್‌ಸಿಡಿ ಅಣ್ಣನದು. ಅವನಿಗೆ ವರ್ಗ ಆಗಿತ್ತು. ಹೊಸ ಊರಲ್ಲಿ ಮನೆ ಸಿಗುವ ತನಕ ಸಾಮಾನೆಲ್ಲ ನಮ್ಮಲ್ಲೇ ಬಿಟ್ಟಿದ್ದ. ನಾಲ್ಕು ತಿಂಗಳು ಎರಡೂ ಪಡಸಾಲೆಯಲ್ಲಿ ಪಕ್ಕಪಕ್ಕ ಕೂತಿದ್ದವು. ಒಂದೇ ಡಿಶ್ ಬಾಕ್ಸಿನಿಂದ ಎರಡಕ್ಕೂ ವೈರ್ ಎಳೆದೆ.

ಏಪ್ರಿಲ್ 2, ವಿಶ್ವಕಪ್ ಫೈನಲ್. ಮಧ್ಯಾಹ್ನ ಶ್ರೀಲಂಕಾ ಬ್ಯಾಟಿಂಗ್. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ವಾ, ಬಾಗಿಲು ಕಿಟಕಿ ಎಲ್ಲ ತೆರೆದಿತ್ತು. ಪ್ಲಾಸ್ಮಾದ ಮುಂಭಾಗ ಪೂರ್ತಿ ಗಾಜು. ಅದರಲ್ಲಿ ವಾಂಖೆಡೆ ಮೈದಾನಕ್ಕಿಂತ ನಮ್ಮ ಅಂಗಳದ ತುಳಸಿಕಟ್ಟೆ, ಒಣಗಲು ಹಾಕಿದ ಬಟ್ಟೆಗಳೇ ಚೆನ್ನಾಗಿ ಕಾಣುತ್ತಿದ್ದವು. ಎಲ್‌ಸಿಡಿಗೆ ಆ ಕಾಟ ಇಲ್ಲ, ಪರದೆಗೆ ಹೊಳಪೇ ಇಲ್ಲ. 274 ರನ್ ಆಗುವ ಹೊತ್ತಿಗೆ ಬಂದವರೆಲ್ಲ ಜಮಖಾನೆ ಸಮೇತ ಅಣ್ಣನ ಟಿವಿ ಮುಂದೆ ಸರಿದಿದ್ದರು.

ಕತ್ತಲಾದ ಮೇಲೆ ಆಟ ತಿರುಗಿತು, ಎರಡು ಅರ್ಥದಲ್ಲೂ. ಎಲ್‌ಸಿಡಿಯಲ್ಲಿ ಬೌಂಡರಿ ಕಡೆ ಓಡುವ ಬಿಳಿ ಚೆಂಡಿಗೆ ಸಣ್ಣ ಬಾಲ ಹತ್ತುತ್ತಿತ್ತು. ಪ್ಲಾಸ್ಮಾದಲ್ಲಿ ಚೆಂಡು ಚೆಂಡಾಗಿಯೇ ಓಡುತ್ತಿತ್ತು. ಇಪ್ಪತ್ತು ಜನ ತುಂಬಿದ್ದರು, ಮೂಲೆಯಲ್ಲಿ ಕೂತವರಿಗೆ ಎಲ್‌ಸಿಡಿಯ ಬಣ್ಣ ಬೂದಿ ಬಳಿದಂತೆ ಕಾಣುತ್ತಿತ್ತು. ಧೋನಿ ಕೊನೆಯ ಸಿಕ್ಸ್ ಹೊಡೆದಾಗ ಎಲ್‌ಸಿಡಿ ಮುಂದೆ ಒಬ್ಬರೂ ಇರಲಿಲ್ಲ.

ಕಾರಣ ಸರಳ. ಪ್ಲಾಸ್ಮಾದಲ್ಲಿ ಲಕ್ಷಾಂತರ ಪುಟ್ಟ ಕೋಶಗಳಿರುತ್ತವೆ, ಒಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟ್ ಕೊಟ್ಟರೆ ಪ್ರತಿ ಕೋಶವೂ ತಾನೇ ಬೆಳಗುತ್ತದೆ. ಎಲ್‌ಸಿಡಿಯಲ್ಲಿ ಹಿಂದೆ ಸಣ್ಣ ಟ್ಯೂಬ್‌ಲೈಟ್‌ಗಳು ಸದಾ ಉರಿಯುತ್ತವೆ, ಮುಂದಿನ ಹರಳು ಕಿಟಕಿ ಬಾಗಿಲಿನ ಕೆಲಸ ಮಾಡುತ್ತದೆ. ಎಷ್ಟು ಮುಚ್ಚಿದರೂ ಸಂದಿಯಿಂದ ಬೆಳಕು ಸೋರುತ್ತದೆ. ಹಾಗಾಗಿ ಅದರ ಕಪ್ಪು ನಿಜವಾದ ಕಪ್ಪಲ್ಲ. (ಆ ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದ್ದನ್ನೇ ಅಂಗಡಿಯವರು ಎಲ್‌ಇಡಿ ಟಿವಿ ಅಂತ ಮಾರಿದ್ದು. ಒಳಗಿರುವುದು ಅದೇ ಎಲ್‌ಸಿಡಿ.)

ಅವ್ವನ ಪರೀಕ್ಷೆಯೇ ಬೇರೆ. ಅವಳು ನೆಲದ ಮೇಲೆ ಕೂತು ಶೇಂಗಾ ಸುಲಿಯುತ್ತಾ ಧಾರಾವಾಹಿ ನೋಡುವವಳು. ಎಲ್‌ಸಿಡಿ ಎತ್ತರದ ಟೇಬಲ್ ಮೇಲಿತ್ತು. "ಏ ತಮ್ಮಾ, ಈಕಿ ಮಾರಿ ಯಾಕ ಕರ್ರಗ ಕಾಣಾಕತ್ತೈತಿ?" ಅಂದಳು. ನಾನೂ ಪಕ್ಕದಲ್ಲಿ ಕೂತು ನೋಡಿದೆ. ನಿಜ, ಕೆಳಗಿನಿಂದ ನೋಡಿದರೆ ನಾಯಕಿಯ ಮುಖ ಹಂಚಿನ ಹಿಂಭಾಗದ ಹಾಗಿತ್ತು. ಸೋಫಾದಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನು ಕರೆಂಟು. ನಮ್ಮ ಮೀಟರಿನ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್, ಅದರ ಮೇಲೇ ಬರೆದಿದೆ. ಒಂದು ರಾತ್ರಿ ಮನೆಯ ಬೇರೆಲ್ಲ ಸ್ವಿಚ್ ಆರಿಸಿ, ಟಾರ್ಚ್ ಹಿಡಿದು ಎಣಿಸುತ್ತಾ ನಿಂತೆ. ಎಲ್‌ಸಿಡಿ ಏನೇ ತೋರಿಸಲಿ, ನಿಮಿಷಕ್ಕೆ ಐದಾರು ಮಿಣುಕು. ಪ್ಲಾಸ್ಮಾ ಕತ್ತಲೆಯ ಸೀನಿಗೆ ಏಳು, ಹಸಿರು ಮೈದಾನ ಬಂದರೆ ಹದಿಮೂರು. ಅಂದರೆ ಕ್ರಿಕೆಟ್ ಹಚ್ಚಿದರೆ ಗಂಟೆಗೆ ಕಾಲು ಯೂನಿಟ್. ಅದರದು ದೊಡ್ಡ ಪರದೆ, ನಿಜ. ಆದರೂ ಇದು ಜಾಸ್ತಿಯೇ. ಮೇಲಾಗಿ ಹಿಂಭಾಗಕ್ಕೆ ಕೈ ಇಟ್ಟರೆ ಇಸ್ತ್ರಿ ಪೆಟ್ಟಿಗೆ ಆರುತ್ತಿರುವ ಹಾಗೆ ಬಿಸಿ. ಮೇ ತಿಂಗಳಲ್ಲಿ ಯಾರಿಗೆ ಬೇಕು?

ಇಷ್ಟಾದರೂ ಅಣ್ಣನ ಸಾಮಾನು ಹೋಗುವಾಗ ನಾನು ಪ್ಲಾಸ್ಮಾ ಬಿಡಲಿಲ್ಲ. ಕಿಟಕಿಗೆ ದಪ್ಪ ಪರದೆ ಹೊಲಿಸಿದೆ. ರಾತ್ರಿ ಸಿನಿಮಾಕ್ಕೆ ಅದರ ಸಮ ಇಲ್ಲ ಅಂತ ಈಗಲೂ ಹೇಳುತ್ತೇನೆ. ಅದನ್ನು ಕೆಡಿಸಿದ್ದು ಅಪ್ಪನ ನ್ಯೂಸ್ ಚಟ. ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದೇ ಚಾನೆಲ್. ಒಂದು ಜಾಗದಲ್ಲಿ ಒಂದೇ ಚಿತ್ರ ನಿಂತರೆ ಪ್ಲಾಸ್ಮಾದ ಆ ಕೋಶಗಳು ಸವೆಯುತ್ತವೆ. ಎರಡು ವರ್ಷದಲ್ಲಿ ಬಲಮೂಲೆಯಲ್ಲಿ ಚಾನೆಲ್ ಗುರುತು ಅಚ್ಚೊತ್ತಿತು. ಚಾನೆಲ್ ಬದಲಿಸಿದರೂ ಅದರ ನೆರಳು ಅಲ್ಲೇ.

ಕಾಕಾಗೆ ನಾನು ಹೇಳಿದ್ದು ಇಷ್ಟು. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಸುವುದನ್ನು ಬಿಟ್ಟಿತು, ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ. ಬೋರ್ಡ್ ಹೋದರೆ ಹೊಸದು ಎಲ್ಲಿಂದ ತರುತ್ತೀರಿ? ನೋಡಲೇಬೇಕು ಅಂದರೆ ಹೋಗಿ ನೋಡಿ, ಆದರೆ ಪರದೆಯನ್ನು ಪೂರ್ತಿ ಬಿಳಿ ಮಾಡಿಸಿ ಮೂಲೆಗಳನ್ನು ಗಮನಿಸಿ. ಟಂಟಂದಲ್ಲಿ ತರುವುದಾದರೆ ಮಲಗಿಸಬೇಡಿ, ನಿಲ್ಲಿಸಿಯೇ ತರಬೇಕು.

ನಿನ್ನೆ ಸಂಜೆ ಕಾಕಾ ಮತ್ತೆ ಬಂದಿದ್ದರು. "ಮೂಲಿಯೊಳಗ ಅದೇ ನಿಮ್ಮಪ್ಪನ ಚಾನೆಲ್ ಐತೆಪಾ" ಅಂದರು.