ವಿಜಯಪುರದಲ್ಲಿ ಮಕ್ಕಳ ಆಸ್ಪತ್ರೆಗಾಗಿ ಓಟ: ಓಟಕ್ಕೆ ನಾಲ್ಕು ಸ್ಟಾರ್, ಲೆಕ್ಕಕ್ಕೆ ಎರಡು

ಮಕ್ಕಳ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸಲು ನಮ್ಮೂರಲ್ಲಿ ನಡೆದ ಓಟದಲ್ಲಿ 21 ಕಿ.ಮೀ. ಓಡಿದೆ. ಪೋಸ್ಟರ್‌ನಲ್ಲಿ ಮ್ಯಾರಥಾನ್ ಅಂತಲೇ ಇತ್ತು. ಪೂರ್ತಿ ಮ್ಯಾರಥಾನ್ ಅಂದರೆ 42.195 ಕಿ.ಮೀ., ಇಲ್ಲಿದ್ದ ಅತಿ ದೊಡ್ಡ ಓಟವೇ ಅದರ ಅರ್ಧ, ಇರಲಿ. ದೂರುವ ವಿಷಯವೂ ಇರುವುದರಿಂದ ಸಂಘಟಕರ ಹೆಸರು, ಆಸ್ಪತ್ರೆಯ ಹೆಸರು ಎರಡೂ ಬರೆಯುವುದಿಲ್ಲ.

ಮೊದಲು ಓಟದ ದಾರಿ. ಗೋಳಗುಮ್ಮಟದಿಂದ ಶುರು, ಗಾಂಧಿ ಚೌಕ, ಸಿದ್ಧೇಶ್ವರ ಗುಡಿ ದಾಟಿ ಇಬ್ರಾಹಿಂ ರೋಜಾ ತನಕ ಹೋಗಿ ವಾಪಸ್. ಐದು ಕಿ.ಮೀ.ಯವರು ನಡುವೆಯೇ ತಿರುಗಿದರು, ನಾವು ಮತ್ತೆ ಮತ್ತೆ ಸುತ್ತಬೇಕಿತ್ತು. ಇಷ್ಟು ಚೆಂದದ ದಾರಿ ಬೇರೆ ಊರಿನ ಓಟಗಳಲ್ಲಿ ಸಿಗುವುದು ಕಷ್ಟ, ದೊಡ್ಡ ಏರು ಇಳಿಜಾರೂ ಇಲ್ಲ. ಆದರೆ ಒಂದು ವಿಷಯ ಯಾರೂ ಹೇಳಿರಲಿಲ್ಲ. ಗುಮ್ಮಟ ಇರುವುದು ಊರಿನ ಪೂರ್ವಕ್ಕೆ, ರೋಜಾ ಪಶ್ಚಿಮಕ್ಕೆ. ಅಂದರೆ ಹೋಗುವಾಗ ಬಿಸಿಲು ಬೆನ್ನಿಗೆ, ಬರುವಾಗ ನೇರ ಕಣ್ಣಿಗೆ. ಎಂಟು ಗಂಟೆ ಆದ ಮೇಲೆ ವಿಜಯಪುರದ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಟೋಪಿ ಇಲ್ಲದೆ ಹೋಗಬೇಡಿ. 21 ಕಿ.ಮೀ.ಯವರನ್ನು ಇನ್ನೂ ಕತ್ತಲಿರುವಾಗಲೇ ಬಿಡಬೇಕಿತ್ತು, ವೇದಿಕೆ ಮೇಲಿನ ಭಾಷಣ ಮುಗಿಯಲಿಲ್ಲ ಅಂತ ಬಿಡಲಿಲ್ಲ.

ನೀರಿನ ವ್ಯವಸ್ಥೆ ಚೆನ್ನಾಗಿತ್ತು. ನೀರಿನ ಜೊತೆ ಓಆರ್‌ಎಸ್, ಬಾಳೆಹಣ್ಣು, ಶೇಂಗಾ ಚಿಕ್ಕಿ. ಕಾಲೇಜು ಹುಡುಗಿಯರು "ಬರ್ರಿ ಅಣ್ಣಾರ, ಇನ್ನ ಸ್ವಲ್ಪ ಐತ್ರಿ" ಅಂತ ಕೂಗಿ ಕೂಗಿ ಕೊಡುತ್ತಿದ್ದರು. ಇನ್ನೂ ಬಹಳ ಇತ್ತು, ಆದರೂ ಕೇಳಲು ಹಿತವಾಗಿತ್ತು. ಗಾಂಧಿ ಚೌಕದಲ್ಲಿ ಮಾತ್ರ ಟಂಟಂ ಆಟೋಗಳು ನಮ್ಮ ನಡುವೆಯೇ ನುಗ್ಗಿದವು. ಮುಗಿದ ಮೇಲೆ ಬಿಸಿ ಸುಸಲಾ ಮತ್ತು ಮಿರ್ಚಿ ಭಜಿ. ಓಡಿದ ಹೊಟ್ಟೆಗೆ ಭಜಿ ಯಾಕೆ ಅಂತ ಡಾಕ್ಟರು ಕೇಳಬಹುದು, ಅಲ್ಲಿದ್ದ ಡಾಕ್ಟರೂ ತಿನ್ನುತ್ತಿದ್ದರು. ಟೀ ಶರ್ಟ್ ಬಟ್ಟೆ ಸುಮಾರು.

ಈಗ ಹಣದ ಮಾತು. ಓಡುವವರು ಪ್ರವೇಶ ಶುಲ್ಕ ಕಟ್ಟಬೇಕು, ಅದರ ಜೊತೆ ತಮ್ಮ ಕಡೆಯವರಿಂದ ದೇಣಿಗೆಯನ್ನೂ ತರಬೇಕು. ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಕೇಳಿದ್ದು ಸರಿಯಾಗೇ ಇತ್ತು: "ಓಡಾಂವ ನೀ, ರೊಕ್ಕ ನಾ ಯಾಕ ಕೊಡಬೇಕಲೇ?" ಆಸ್ಪತ್ರೆ ವಿಷಯ ಹೇಳಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಕೂಸು ಎತ್ತಿಕೊಂಡು ಬರುವವರಿಗೆ ಆಯುಷ್ಮಾನ್ ಕಾರ್ಡ್ ಇದ್ದರೆ ಚಿಕಿತ್ಸೆಯ ಖರ್ಚು ಬಹಳ ಮಟ್ಟಿಗೆ ನಡೆಯುತ್ತದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆದರೆ ತೂಕ ಕಡಿಮೆ ಇರುವ ಕೂಸು ವಾರಗಟ್ಟಲೆ ಐಸಿಯುನಲ್ಲಿ ಇದ್ದಾಗ ಹೊರಗೆ ಕೂತ ತಂದೆ ತಾಯಿಯ ಊಟ, ಬಸ್ ಚಾರ್ಜು, ತಪ್ಪಿದ ಕೂಲಿ ಇದನ್ನೆಲ್ಲ ಆ ಕಾರ್ಡು ಕೊಡುವುದಿಲ್ಲ. ದೇಣಿಗೆ ಇದಕ್ಕೇ ಅಂತ ಸಂಘಟಕರು ಹೇಳಿದ್ದರು. ಕಾಕಾ ಇದನ್ನು ಕೇಳಿ ಗಲ್ಲಾ ತೆಗೆದು ಐನೂರು ಕೊಟ್ಟರು. "ಪಾವತಿ ತಂದು ಕೊಡು" ಅಂದರು, ಅಂದರೆ ರಸೀದಿ.

ಸಿಟ್ಟು ಬಂದಿದ್ದು ಇಲ್ಲೇ. ಆ ಪಾವತಿ ಇನ್ನೂ ಬಂದಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟವರಿಗೆ ತಕ್ಷಣ ಮೆಸೇಜ್ ಬಂತು, ನಗದು ಕೊಟ್ಟವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಅಷ್ಟೇ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ "ಹಾಕ್ತೀವ್ರಿ ಸರ" ಅಂತಾರೆ. ಶುಲ್ಕದಲ್ಲಿ ಎಷ್ಟು ಟೀ ಶರ್ಟಿಗೆ, ಪದಕಕ್ಕೆ, ಪೆಂಡಾಲಿಗೆ ಹೋಯಿತು, ಆಸ್ಪತ್ರೆಗೆ ಎಷ್ಟು ಮುಟ್ಟಿತು ಅಂತ ಒಂದು ಹಾಳೆ ಹಾಕಿದ್ದರೆ ಸಾಕಿತ್ತು. ಯಾರೋ ತಿಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಜನ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆಸ್ಪತ್ರೆಗೆ ಅಂತ ಮನೆಮನೆಗೆ ಹೋಗಿ ಕೇಳಿದ್ದು ನಾವು, ಈಗ ಮುಖ ತೋರಿಸಬೇಕಾದ್ದೂ ನಾವೇ.

ತೆರಿಗೆ ಉಳಿಸಲು ಕೊಡುವವರು ಇದನ್ನೂ ನೋಡಿಕೊಳ್ಳಿ. ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಅಂತ ಹೆಸರಾದದ್ದು) ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಚೆಕ್ ಅಥವಾ ಯುಪಿಐನಲ್ಲೇ ಕೊಡಿ. ಪ್ಯಾನ್ ನಂಬರ್ ಕೊಟ್ಟು, ಟ್ರಸ್ಟಿನ ಹೆಸರಲ್ಲೇ ರಸೀದಿ ಕೇಳಿ. ಟೀ ಶರ್ಟು, ಪದಕ ಪಡೆದು ಕಟ್ಟಿದ ಶುಲ್ಕವನ್ನು ದಾನ ಅಂತ ತೋರಿಸಲು ಹೋಗಬೇಡಿ.

ಮುಂದಿನ ವರ್ಷವೂ ಓಡುತ್ತೇನೆ, ದಾರಿ ಅಷ್ಟು ಇಷ್ಟ ಆಗಿದೆ. ಶುಲ್ಕ ಕಟ್ಟಿ ಓಡುತ್ತೇನೆ. ದೇಣಿಗೆ ಮಾತ್ರ ನೋಟ್‌ಬುಕ್ಕಿನವರ ಕೈಗೆ ಕೊಡುವುದಿಲ್ಲ, ಆಸ್ಪತ್ರೆಯ ಕೌಂಟರಿಗೇ ಹೋಗಿ ಕಟ್ಟಿ ಪಾವತಿ ಹರಿಸಿಕೊಂಡು ಬರುತ್ತೇನೆ. ಕಾಕಾನ ಐನೂರಕ್ಕೆ ಈ ವಾರ ಇನ್ನೊಮ್ಮೆ ಗ್ರೂಪಿನಲ್ಲಿ ಕೇಳುತ್ತೇನೆ, ಬೇರೆಯವರೂ ಕೇಳಿ.