ನೀರು ತಾಗುವ ಮರಗೆಲಸಕ್ಕೆ ಮಾಮೂಲಿ ಬಿಳಿ ಗಮ್ ಹಾಕಿಸಬೇಡಿ

ಹೊಸ ಮನೆಯ ಬಾಗಿಲು, ಜಗಲಿಯ ಬೆಂಚು, ಬಚ್ಚಲುಮನೆಯ ಕದ, ತೂಗುಮಣೆ, ಹೀಗೆ ಏನಾದರೊಂದು ಮಾಡಿಸುವ ಆಲೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಮರ ಯಾವುದು, ಪಾಲಿಶ್ ಯಾವುದು, ಅಡಿಗೆ ಎಷ್ಟು ಅಂತ ಎಲ್ಲರೂ ವಿಚಾರಿಸುತ್ತೇವೆ. ಹಲಗೆ ಕೂಡಿಸುವುದಕ್ಕೆ ಯಾವ ಗಮ್ ಹಾಕುತ್ತೀರಿ ಅಂತ ಕೇಳುವವರು ಕಡಿಮೆ. ಕೇಳಿದರೂ ಬರೀ ಬಾಯಿಮಾತನ್ನು ನಂಬಬಾರದು ಅನ್ನುವುದು ನಮ್ಮ ಮನೆಯಲ್ಲಿ ಅಮ್ಮನ ಕೈ ಮುರಿದ ಮೇಲೆ ಖಚಿತವಾಗಿದೆ.

ನಮ್ಮದು ಸಾಗರದ ಕಡೆಯ ಹಳ್ಳಿ. ಜಗಲಿಗೆ ಒಂದು ತೂಗುಮಣೆ ಬೇಕು ಅನ್ನುವುದು ಅಮ್ಮನ ಬಹಳ ಕಾಲದ ಆಸೆ. ಅಷ್ಟು ಅಗಲದ ಒಂದೇ ಹಲಗೆ ಈಗ ಸಿಗುವುದು ಕಷ್ಟ, ಸಿಕ್ಕರೂ ಕೈಗೆಟುಕುವ ಬೆಲೆಯಲ್ಲ. ಪೇಟೆಯ ಫರ್ನಿಚರ್ ವರ್ಕ್‌ಶಾಪಿನವರು ಸಾಗುವಾನಿಯ ಮೂರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿಕೊಡುತ್ತೇವೆ ಅಂದರು. ಅದರಲ್ಲಿ ತಪ್ಪೇನಿಲ್ಲ, ಸರಿಯಾಗಿ ಕೂಡಿಸಿದ ಹಲಗೆ ಒಂದೇ ಹಲಗೆಯಷ್ಟೇ ಗಟ್ಟಿ. "ನಮ್ಮ ಜಗಲಿಗೆ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ, ಗಮ್ ತಡೆಯುತ್ತದಾ?" ಅಂತ ಕೇಳಿದ್ದಕ್ಕೆ, "ಏನೂ ಆಗಲ್ಲ ಸಾರ್, ನಾವು ಹಾಕೋದೇ ವಾಟರ್‌ಪ್ರೂಫ್ ಗಮ್ಮು" ಅಂದರು. ಕೆಳಗೆ ಅಡ್ಡಕ್ಕೆ ರೀಪು ಬೇಡವಾ ಅಂದರೆ, "ರೀಪು ಹೊಡೆದರೆ ಚಂದ ಹಾಳಾಗುತ್ತೆ, ಗಮ್ಮೇ ಸಾಕು" ಅಂತ ಹೇಳಿದರು. ಸರಪಳಿಯ ಕಡಿ ಸಿಕ್ಕಿಸಿದ್ದು ಆಚೀಚೆಯ ಎರಡು ಹಲಗೆಗಳಿಗೆ. ನಡುವಿನ ಹಲಗೆಯನ್ನು, ಅಂದರೆ ಜನ ಕೂರುವ ಹಲಗೆಯನ್ನೇ, ಹಿಡಿದಿದ್ದದ್ದು ಗಮ್ ಒಂದೇ.

ಬೇಸಿಗೆ ಪೂರ್ತಿ ಏನೂ ಆಗಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಹಲಗೆ ಕೂಡಿದ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ಏಣು ಸಿಗಲು ಶುರುವಾಯಿತು. ವರ್ಕ್‌ಶಾಪಿಗೆ ಫೋನ್ ಮಾಡಿದಾಗ, ಮರ ಅಂದ ಮೇಲೆ ಮಳೆಗಾಲದಲ್ಲಿ ಉಬ್ಬುತ್ತದೆ, ಬಿಸಿಲು ಬಂದರೆ ಕೂರುತ್ತದೆ ಅಂದರು. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಮ್ಮ ಮಣೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಾಗ ನಡುವಿನ ಹಲಗೆ ಒಂದು ಪಕ್ಕಕ್ಕೆ ಬಾಯಿ ಬಿಟ್ಟು ಕೆಳಗೆ ಜಾರಿತು. ಅಮ್ಮ ಕೈಯೂರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಬೇಕಾಯಿತು. ಅದಕ್ಕೆ ಸ್ವಲ್ಪ ಮುಂಚೆ ಅಣ್ಣನ ಮಗು ಅದೇ ಮಣೆಯ ಮೇಲೆ ನಿಂತು ತೂಗುತ್ತಿತ್ತು. ಈಗಲೂ ಅದನ್ನು ನೆನೆದರೆ ಎದೆ ನಡುಗುತ್ತದೆ.

ಬಿದ್ದ ಮಣೆಯನ್ನು ನಮ್ಮೂರಿನ ಹಿರಿಯ ಆಚಾರ್ರಿಗೆ ತೋರಿಸಿದೆ. ಅವರು ಮೊದಲು ನೋಡಿದ್ದೇ ಬಿಟ್ಟುಕೊಂಡ ಅಂಚನ್ನು. "ನೋಡಿ ಮಾರಾಯ್ರೇ, ಮರ ಎಲ್ಲೂ ಹರಿದಿಲ್ಲ. ಗಮ್ಮು ಬಿಟ್ಟಿದೆ, ಅಷ್ಟೇ" ಅಂದರು. ಒಳ್ಳೆಯ ಅಂಟು ಸರಿಯಾಗಿ ಕೂತಿದ್ದರೆ, ಬಲವಂತವಾಗಿ ಮುರಿದಾಗ ಅಂಟಿನ ಪಕ್ಕದ ಮರವೇ ಸಿಗಿಯುತ್ತದೆ. ಎರಡೂ ಅಂಚಿನಲ್ಲಿ ನಾರು ಕಿತ್ತು ಬಂದಿರುತ್ತದೆ. ನಮ್ಮ ಮಣೆಯ ಅಂಚುಗಳು ಕೀಸುಳಿ ಹೊಡೆದಷ್ಟೇ ನುಣ್ಣಗಿದ್ದವು. ಮೇಲೆ ಬಿಳಿಚಿದ ಪೊರೆ ಇತ್ತು, ಉಗುರಿನಲ್ಲಿ ಕೆರೆದರೆ ರಬ್ಬರಿನ ಹಾಗೆ ಸುರುಳಿ ಸುತ್ತಿ ಬರುತ್ತಿತ್ತು. ಮಣೆಯ ಕೆಳಮೈಗೆ ಪಾಲಿಶ್ ಮುಟ್ಟಿಸಿಯೇ ಇರಲಿಲ್ಲ. ನೆಲಕ್ಕೆ ಬಡಿದು ಹಾರುವ ನೀರೆಲ್ಲ ಅಲ್ಲಿಂದಲೇ ಒಳಗೆ ಹೋಗಿದೆ.

ಆಮೇಲೆ ವರ್ಕ್‌ಶಾಪಿಗೆ ಹೋಗಿ ಗಮ್ಮಿನ ಡ್ರಮ್ ತೋರಿಸಿ ಅಂತ ಕೇಳಿದೆ. ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, ಇದು ಮನೆಯೊಳಗಿನ ಒಣ ಜಾಗದ ಕೆಲಸಕ್ಕೆ ಅಂತ ಅಚ್ಚಾಗಿತ್ತು. ಗಮ್ ಮಾಡುವ ಕಂಪನಿ ಸುಳ್ಳು ಹೇಳಿಲ್ಲ. ಅದೇ ಕಂಪನಿಯ ಪಟ್ಟಿಯಲ್ಲಿ ನೀರು ತಾಗುವ ಕೆಲಸಕ್ಕೆಂದೇ ಬೇರೆ ಡಬ್ಬಿ ಇದೆ. ಅದಕ್ಕೆ ಕೆಜಿಗೆ ಸ್ವಲ್ಪ ಹೆಚ್ಚು ದುಡ್ಡು, ಅದಕ್ಕೇ ವರ್ಕ್‌ಶಾಪಿನವರು ತರಿಸುವುದಿಲ್ಲ. ಸಾವಿರಾರು ರೂಪಾಯಿಯ ಸಾಗುವಾನಿಗೆ ಒಂದು ಹಿಡಿ ಗಮ್ಮಿನಲ್ಲಿ ಉಳಿತಾಯ ಮಾಡಿದ್ದಾರೆ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಈ ಬಿಳಿ ಗಮ್ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಅದನ್ನು ಎಲ್ಲಿ ಬಳಸಬಾರದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಪಾಲಿವಿನೈಲ್ ಅಸಿಟೇಟ್ ಅನ್ನುವ ರಾಳದ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲಿಕೊಂಡಿರುತ್ತವೆ. ನೀರಿನ ಅಂಶವನ್ನು ಮರ ಹೀರಿಕೊಂಡು, ಉಳಿದದ್ದು ಗಾಳಿಗೆ ಆರಿದಾಗ ಆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಒಳಾಂಗಣದ ಕುರ್ಚಿ, ಮೇಜು, ಪುಸ್ತಕದ ಕಪಾಟಿಗೆ ಇದು ಬಹಳ ಒಳ್ಳೆಯ ಅಂಟು. ಆದರೆ ನೀರಿನಿಂದ ಹುಟ್ಟಿದ ಆ ಪೊರೆ ಮತ್ತೆ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಬಿಸಿಗೂ ಮೆತ್ತಗಾಗುತ್ತದೆ. ಇನ್ನೊಂದು ಗುಣ ಅಂದರೆ, ಸದಾ ಭಾರ ಹೊತ್ತೇ ಇದ್ದರೆ ಒಣ ಜಾಗದಲ್ಲೂ ನಿಧಾನಕ್ಕೆ ಜಾರುತ್ತದೆ. ತೂಗುಮಣೆಯಲ್ಲಿ ನೀರು, ಭಾರ ಎರಡೂ ಸೇರಿದವು.

ನೀರು ತಡೆಯುವ ಗುಣವನ್ನು ಅಳೆಯಲು ಯುರೋಪಿನ ಇಎನ್ 204 ಅನ್ನುವ ಮಾನದಂಡವಿದೆ. ಡಿ1ರಿಂದ ಡಿ4ರವರೆಗೆ ನಾಲ್ಕು ದರ್ಜೆ. ನಮ್ಮಲ್ಲಿ ಸಿಗುವ ಕೆಲವು ಡಬ್ಬಿಗಳ ಮೇಲೂ ಇದನ್ನು ಅಚ್ಚು ಹಾಕಿರುತ್ತಾರೆ. ಡಿ1, ಡಿ2 ಒಣ ಜಾಗಕ್ಕೆ. ಡಿ3 ದರ್ಜೆ ಕೊಡಬೇಕಾದರೆ ಅಂಟಿಸಿದ ತುಂಡನ್ನು 4 ದಿನ ತಣ್ಣೀರಿನಲ್ಲಿ ಮುಳುಗಿಸಿಟ್ಟು ಎಳೆದು ನೋಡುತ್ತಾರೆ. ಡಿ4ಕ್ಕೆ 6 ಗಂಟೆ ಕುದಿಯುವ ನೀರಿನಲ್ಲಿ ಹಾಕಿ, ಆಮೇಲೆ ತಣ್ಣೀರಿನಲ್ಲಿಟ್ಟು ನೋಡುತ್ತಾರೆ. ಅಡುಗೆಮನೆಯ ಕಪಾಟು, ನೇರ ಮಳೆ ಬೀಳದ ಕಿಟಕಿಗೆ ಡಿ3 ಆದೀತು. ಎರಚಲು ಹೊಡೆಯುವ ಜಗಲಿ, ಹೊರಬಾಗಿಲಿಗೆ ಡಿ4ಕ್ಕಿಂತ ಕಡಿಮೆ ಬೇಡ. ಹಾಗಂತ ಡಿ4 ಹಾಕಿದ ಮರವನ್ನು ಬರಿಮೈಯಲ್ಲಿ ಮಳೆಗೆ ಬಿಡುವ ಹಾಗಿಲ್ಲ. ಮೇಲೆ ಪೇಂಟು ಅಥವಾ ಪಾಲಿಶ್ ಚೆನ್ನಾಗಿರಬೇಕು ಅಂತ ಅದೇ ಮಾನದಂಡ ಹೇಳುತ್ತದೆ. ಅದೂ ಎಲ್ಲ ಮೈಗೆ, ಕೆಳಮೈಯನ್ನೂ ಬಿಡದೆ.

ಗಮ್ ಸರಿಯಿದ್ದು ಕೂಡಿಸಿದ್ದು ಸರಿಯಿಲ್ಲದಿದ್ದರೂ ಕೆಟ್ಟದ್ದೇ ಆಗುತ್ತದೆ. 1944ರಲ್ಲಿ ಬ್ರಿಟಿಷರ ಮರದ ಯುದ್ಧವಿಮಾನ ಮಸ್ಕಿಟೊ ನಮ್ಮ ದೇಶದ ಮಳೆ, ಸೆಕೆಯಲ್ಲಿ ಒಂದರ ಮೇಲೊಂದು ಬಿದ್ದವು. ರೆಕ್ಕೆಯ ಮೇಲ್ಹೊದಿಕೆ ಒಳಗಿನ ತೊಲೆಯಿಂದ ಬಿಟ್ಟುಕೊಂಡಿತ್ತು. ಮೊದಲು ಎಲ್ಲರೂ ದೂರಿದ್ದು ಹಾಲಿನ ಕೇಸೀನಿನಿಂದ ಮಾಡಿದ ಅಂಟನ್ನು. ತನಿಖೆಗೆ ಬಂದ ವಿಮಾನ ಕಂಪನಿಯವರು ಅಂಟಿನ ದೋಷವಲ್ಲ, ಮಳೆಗಾಲಕ್ಕೆ ಮರದಲ್ಲಾದ ವ್ಯತ್ಯಾಸ ಅಂದರು. ಆಮೇಲಿನ ತನಿಖೆಗಳಲ್ಲಿ ಕಂಡದ್ದು ತಯಾರಿಕೆಯಲ್ಲೇ ಆದ ದೋಷ. ವಿಮಾನ ಕಟ್ಟಿದವರ ಕೈಯಲ್ಲೂ ಹೀಗಾಗಿದೆ ಅಂದ ಮೇಲೆ, ಹಲಗೆಯ ಅಂಚು ಕೀಸುವುದರಲ್ಲಿ, ಕ್ಲ್ಯಾಂಪ್ ಬಿಗಿಯುವುದರಲ್ಲಿ ಅವಸರ ಮಾಡುವವರಿಗೆ ಕೆಲಸ ಕೊಡುವ ಮೊದಲು ಯೋಚಿಸಬೇಕು. ಬಿಳಿ ಗಮ್ಮಿನ ಜಾತಿಯ ಅಂಟುಗಳು ಸಂದು ತುಂಬುವುದಿಲ್ಲ. ಹಲಗೆಗಳನ್ನು ಒಣದಾಗಿ ಜೋಡಿಸಿ ದೀಪದ ಎದುರು ಹಿಡಿದಾಗ ಬೆಳಕು ಕಂಡರೆ ಮತ್ತೆ ಕೀಸಲೇಬೇಕು. ಡ್ರಮ್ಮಿಗೆ ನೀರು ಬೆರೆಸಿ ತೆಳ್ಳಗೆ ಮಾಡುವ ಅಭ್ಯಾಸ ಕೆಲವು ಕಡೆ ಇದೆ, ಅದನ್ನು ಕಂಡರೆ ಅಲ್ಲಿಗೇ ನಿಲ್ಲಿಸಿಬಿಡಿ.

ನಮ್ಮ ಮಣೆಯಲ್ಲಿ ಆಚಾರ್ರು ಇನ್ನೊಂದನ್ನೂ ತೋರಿಸಿದರು. ಸಾಗುವಾನಿಯಲ್ಲಿ ಎಣ್ಣೆಯಂಶ ಹೆಚ್ಚು. ಕೀಸಿ ಬಹಳ ಹೊತ್ತು ಬಿಟ್ಟರೆ ಆ ಎಣ್ಣೆ ಮೇಲಕ್ಕೆ ಬಂದು ಅಂಟು ಹಿಡಿಯದ ಹಾಗೆ ಮಾಡುತ್ತದೆ. ಮಿಲ್ಲಿನಲ್ಲಿ ಕೀಸಿ ತಂದಿಟ್ಟ ಹಲಗೆಗೆ ವಾರಗಳಾದ ಮೇಲೆ ಹಾಗೆಯೇ ಗಮ್ ಬಳಿಯಬಾರದು. ಅಂಚನ್ನು ಮತ್ತೊಮ್ಮೆ ಕೀಸಿ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ಮರದ ತೇವವೂ ಮುಖ್ಯ. ಶೇಕಡಾ 10ರಿಂದ 12ರ ಆಸುಪಾಸಿಗೆ ಇಳಿದಿದ್ದರೆ ಒಳ್ಳೆಯದು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಷ್ಟು ಇಳಿಸುವುದೇ ಕಷ್ಟ. ತೇವ ಅಳೆಯುವ ಮೀಟರ್ ಇಲ್ಲದ ಕಡೆ, ಬೇಸಿಗೆಯಲ್ಲಿ ಒಣಗಿದ ಮರವನ್ನು ಬೇಸಿಗೆಯಲ್ಲೇ ಕೂಡಿಸುವಂತೆ ಹೇಳಿ.

ಬಿಳಿ ಗಮ್ ಬೇಡ ಅಂದ ಕೂಡಲೇ ಅಂಗಡಿಯವರು ಬೇರೆ ಏನೇನೋ ತೆಗೆದಿಡುತ್ತಾರೆ, ಅಲ್ಲಿಯೂ ಜೋಪಾನ. ಮೈಕಾ ಹಚ್ಚುವ ಹಳದಿ ರಬ್ಬರ್ ಸಲ್ಯೂಷನ್ ಹಾಳೆ ಅಂಟಿಸುವುದಕ್ಕೆ ಮಾಡಿದ್ದು, ಭಾರ ಹೊರುವ ಹಲಗೆ ಕೂಡಿಸಲು ಅಲ್ಲ. ಅದರ ಹಬೆಗೆ ಬೇಗ ಬೆಂಕಿ ಹಿಡಿಯುತ್ತದೆ, ಬೀಡಿ ಸೇದುತ್ತ ಹಚ್ಚುವವರನ್ನು ಕಂಡರೆ ತಡೆಯಿರಿ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಪೆಟ್ಟು ಬಿದ್ದರೆ ಚಟ್ಟನೆ ಬಿಡುತ್ತದೆ. ನೊರೆಯಾಗಿ ಉಬ್ಬುವ ಪಾಲಿಯುರಥೇನ್ ಗಮ್ ನೀರಿಗೆ ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಸಂದಿನಲ್ಲಿ ತುಂಬಿಕೊಂಡ ನೊರೆಗೆ ಶಕ್ತಿಯಿಲ್ಲ. ತುಂಬಿದ ಹಾಗೆ ಕಾಣುತ್ತದೆ ಅಷ್ಟೇ.

ಮಳೆ ನೀರಿಗೆ ನಾನು ನಂಬುವುದು ಎಪಾಕ್ಸಿಯನ್ನು. ಅರಾಲ್ಡೈಟ್ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ರಾಳ, ಹಾರ್ಡನರ್ ಎರಡು ಟ್ಯೂಬು ಅಥವಾ ಡಬ್ಬಿ. ಆರುವಾಗ ಕುಗ್ಗುವುದಿಲ್ಲ, ಸಣ್ಣ ಸಂದನ್ನು ತುಂಬುತ್ತದೆ, ನೀರಿಗೆ ಕರಗುವುದಿಲ್ಲ. ಮರಕ್ಕೆ ನಿಧಾನವಾಗಿ ಆರುವ ಜಾತಿಯನ್ನೇ ತನ್ನಿ. ಐದು ನಿಮಿಷದಲ್ಲಿ ಗಟ್ಟಿಯಾಗುವುದು ನೀರಿಗೆ ಅಷ್ಟು ಒಳ್ಳೆಯದಲ್ಲ. ಬೇಗ ಆರಲಿ ಅಂತ ಹಾರ್ಡನರ್ ಜಾಸ್ತಿ ಸುರಿದರೆ ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ, ಡಬ್ಬಿಯ ಮೇಲಿನ ಅಳತೆಯನ್ನು ಮೀರಬಾರದು. ಕ್ಲ್ಯಾಂಪನ್ನು ಬಿಳಿ ಗಮ್ಮಿಗೆ ಬಿಗಿದಷ್ಟು ಬಿಗಿಯಬೇಡಿ, ಅಂಟೆಲ್ಲ ಹೊರಗೆ ಹರಿದು ನಡುವೆ ಏನೂ ಉಳಿಯುವುದಿಲ್ಲ. ಕೈಗೆ ಗ್ಲೌಸ್ ಇರಲಿ, ಕೆಲವರ ಚರ್ಮಕ್ಕೆ ಇದು ಆಗುವುದಿಲ್ಲ. ಇದಕ್ಕೂ ಒಂದು ಕೊರತೆಯಿದೆ: ಮಾಮೂಲಿ ಎಪಾಕ್ಸಿ 50–60 ಡಿಗ್ರಿ ಬಿಸಿಯ ಸುಮಾರಿಗೆ ಮೆತ್ತಗಾಗಲು ಶುರುವಾಗುತ್ತದೆ. ಪಡುವಣದ ಬಿಸಿಲಿಗೆ ಕಾಯುವ ಕಪ್ಪು ಪಾಲಿಶಿನ ಬಾಗಿಲಿಗೆ ಅಂಟಿನ ಜೊತೆ ಕಚ್ಚು, ಗೂಟ ಇರಲೇಬೇಕು.

ಪ್ಲೈವುಡ್ಡಿನಲ್ಲಿ ಗಮ್ ಒಳಗೇ ಅಡಗಿರುತ್ತದೆ, ಅಲ್ಲಿ ಐಎಸ್ ಸಂಖ್ಯೆ ನೋಡಿ. ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710, ಅಂದರೆ ಮರೀನ್ ಪ್ಲೈ. ಅದನ್ನು 72 ಗಂಟೆ ಕುದಿಸಿ ಪರೀಕ್ಷಿಸಿರಬೇಕು ಅನ್ನುವ ನಿಯಮವಿದೆ. ಎಂಆರ್ ಅಂತ ಬರೆದ ಹಾಳೆ ತೇವದ ಗಾಳಿಗೆ ತಡೆಯುತ್ತದೆ, ಸೋರುವ ನೀರಿಗಲ್ಲ. ಐಎಸ್ಐ ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ತಿಳಿಯುತ್ತದೆ.

ಬಾಯಿಮಾತನ್ನು ನಂಬುವ ಬದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕೆಲಸ ಶುರುವಾಗುವ ಮೊದಲು ಅದೇ ಮರದ ಎರಡು ತುಂಡನ್ನು ಅವರ ಗಮ್ಮಿನಲ್ಲೇ ಅಂಟಿಸಿ ಕೊಡಲು ಹೇಳಿ. ಒಂದು ವಾರ ಒಣಗಲು ಬಿಟ್ಟು, ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ಕೆಲವು ಗಂಟೆ ಹಾಕಿ, ತೆಗೆದು ತಣಿದ ಮೇಲೆ ಉಳಿ ಇಟ್ಟು ಬಡಿಯಿರಿ. ನಾರು ಕಿತ್ತು ಬಂದರೆ ಧೈರ್ಯವಾಗಿ ಮಾಡಿಸಿ. ನುಣ್ಣಗೆ ಬಿಟ್ಟುಕೊಂಡರೆ ಬೇರೆ ಡಬ್ಬಿ ತರಿಸಿ. ಮಾಡಲು ಒಪ್ಪದವರಿಗೆ ಕೆಲಸ ಕೊಡಬೇಡಿ.

ಬಿಲ್ಲಿನಲ್ಲಿ ಗಮ್ಮಿನ ಹೆಸರು, ದರ್ಜೆ ಎರಡನ್ನೂ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ಇದ್ದದ್ದು ಸಾಗುವಾನಿ ತೂಗುಮಣೆ ಅಂತ ಮಾತ್ರ. ವರ್ಕ್‌ಶಾಪಿನವರು ಅದೇ ಗಮ್ಮಿನಲ್ಲಿ ಮತ್ತೆ ಅಂಟಿಸಿ ಸ್ಕ್ರೂ ಹೊಡೆದುಕೊಡುತ್ತೇವೆ ಅಂದರು, ಆಸ್ಪತ್ರೆಯ ಖರ್ಚಿನ ಮಾತೇ ಎತ್ತಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಲಿಖಿತದಲ್ಲಿ ಗಮ್ಮಿನ ವಿಷಯ ಇದ್ದಿದ್ದರೆ ಕೇಳುವವರ ಬಲ ಬೇರೆಯೇ ಇರುತ್ತಿತ್ತು.

ಮಣೆಯನ್ನು ಕೊನೆಗೆ ಊರಿನ ಆಚಾರ್ರೇ ಸರಿ ಮಾಡಿದರು. ಹಳೆಯ ಬಿಳಿ ಗಮ್ಮಿನ ಪೊರೆಯ ಮೇಲೆ ಬೇರೆ ಯಾವ ಅಂಟೂ ನಿಲ್ಲುವುದಿಲ್ಲವಾದ್ದರಿಂದ ಅಂಚುಗಳನ್ನು ಹೊಸ ಮರ ಕಾಣುವ ತನಕ ಕೀಸಿ, ಎಪಾಕ್ಸಿಯಲ್ಲಿ ಕೂಡಿಸಿದರು. ಕೆಳಗೆ ಅಡ್ಡಕ್ಕೆ ಎರಡು ದಪ್ಪ ರೀಪು ಕೊಟ್ಟು, ಸರಪಳಿಯ ಭಾರ ರೀಪಿನ ಮೇಲೆ ಬೀಳುವಂತೆ ಕಡಿ ಸಿಕ್ಕಿಸಿದರು. ರೀಪಿಗೆ ಗಮ್ ಹಾಕಲಿಲ್ಲ. ಸ್ಕ್ರೂ ಹೋಗುವ ತೂತುಗಳನ್ನು ಉದ್ದುದ್ದ ಕೊರೆದರು. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಲು ಅದರಿಂದ ಜಾಗ ಇರುತ್ತದೆ. ಬಿಗಿಯಾಗಿ ಕಟ್ಟಿಹಾಕಿದರೆ ಮರ ಎಲ್ಲಾದರೂ ಸೀಳುತ್ತದೆ.

ನಿಮ್ಮ ಮನೆಯಲ್ಲೂ ಹಲಗೆ ಕೂಡಿಸಿದ ತೂಗುಮಣೆ ಇದ್ದರೆ ಇವತ್ತೇ ಅದರ ಅಡಿಗೆ ಬಗ್ಗಿ ನೋಡಿ. ಅಡ್ಡ ರೀಪು ಇಲ್ಲದಿದ್ದರೆ, ಸರಪಳಿ ಅಂಚಿನ ಹಲಗೆಗಳಿಗೆ ಮಾತ್ರ ಸಿಕ್ಕಿದ್ದರೆ, ಅಥವಾ ಕೂಡಿದ ಜಾಗದಲ್ಲಿ ಬೆರಳಿಗೆ ಏಣು ಸಿಕ್ಕರೆ, ರೀಪು ಹೊಡೆಸುವ ತನಕ ಮಣೆಯನ್ನು ಇಳಿಸಿಡಿ. ಮಕ್ಕಳನ್ನೂ ವಯಸ್ಸಾದವರನ್ನೂ ಅದರ ಮೇಲೆ ಕೂರಿಸಬೇಡಿ.